ಒಂದೇ ಕಿಟಕಿ, ಮೂರು ಕೆಲಸ: ಹಾಡು, ಜಾಹೀರಾತು, ಸಿನಿಮಾದಲ್ಲಿ ಕ್ಯಾಮೆರಾ ಹಿಡಿಯುವವರು ಯಾವುದನ್ನು ಆರಿಸಿಕೊಳ್ಳಬೇಕು?

ಬಸವನಗುಡಿಯಲ್ಲಿ ಒಂದು ಹಳೇ ಮನೆ ಇದೆ. ರೆಡ್ ಆಕ್ಸೈಡ್ ನೆಲ, ಪೂರ್ವಕ್ಕೆ ಎರಡು ಎತ್ತರದ ಕಿಟಕಿ, ಹಾಲ್ ನಡುವೆ ಒಂದು ಮರದ ಕಂಬ. ಮನೆಯವರು ಶೂಟಿಂಗ್‌ಗೆ ಬಾಡಿಗೆಗೆ ಕೊಡುತ್ತಾರೆ. ಆ ಹಾಲ್‌ನಲ್ಲಿ ನಾನು ಮೂರು ಸಲ ಕ್ಯಾಮೆರಾ ಇಟ್ಟಿದ್ದೇನೆ. ಮೊದಲ ಸಲ ಒಂದು ಬ್ಯಾಂಡ್‌ನ ಹಾಡಿಗೆ, ಒಂದೇ ರಾತ್ರಿ. ಎರಡನೇ ಸಲ ಕಾಫಿಪುಡಿಯ ಜಾಹೀರಾತಿಗೆ, ಎರಡು ದಿನ. ಮೂರನೇ ಸಲ ಸಿನಿಮಾಕ್ಕೆ, ಹನ್ನೊಂದು ದಿನ. ಅದೇ ಕಿಟಕಿ, ಅದೇ ನೆಲ. ಕೆಲಸ ಮಾತ್ರ ಮೂರು ಸಲವೂ ಬೇರೆ ಬೇರೆ ಊರಿನಲ್ಲಿ ಮಾಡಿದ ಹಾಗಿತ್ತು.

ಕ್ಯಾಮೆರಾ ಕಲಿಯುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಗಾಂಧಿನಗರದ ಕಡೆ ಹೋಗಲಾ, ಇಂದಿರಾನಗರದ ಕಡೆ ಹೋಗಲಾ, ಇಲ್ಲ ಸ್ನೇಹಿತರ ಜೊತೆ ಸೇರಿ ಹಾಡು ಮಾಡಿಕೊಂಡು ಇರಲಾ? ಗಾಂಧಿನಗರ ಅಂದರೆ ಸಿನಿಮಾ. ಇಂದಿರಾನಗರ, ದೊಮ್ಮಲೂರು, ಕೋರಮಂಗಲ ಅಂದರೆ ಜಾಹೀರಾತಿನವರು. ನಡುವೆ ಟ್ರಾಫಿಕ್‌ನಲ್ಲಿ ಒಂದು ಗಂಟೆಯ ದಾರಿ. ಆದರೆ ಮಾತಾಡುವ ಭಾಷೆಯೇ ಬೇರೆ, ದುಡ್ಡು ಬರುವ ರೀತಿಯೇ ಬೇರೆ, ತಪ್ಪು ಮಾಡಿದರೆ ಬೀಳುವ ಪೆಟ್ಟೂ ಬೇರೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಮೂರರಲ್ಲಿ ಯಾವುದನ್ನೇ ಹಿಡಿಯಿರಿ, ಅದಕ್ಕೂ ಮೊದಲು ಒಂದು ಸಿನಿಮಾಕ್ಕೆ ಮುಹೂರ್ತದಿಂದ ಡಿಐ (ಶೂಟಿಂಗ್ ಆದ ಮೇಲೆ ಕಂಪ್ಯೂಟರ್‌ನಲ್ಲಿ ಬಣ್ಣ, ಬೆಳಕು ಸರಿಮಾಡುವ ಕೆಲಸ) ಮುಗಿಯುವವರೆಗೆ ಅಸಿಸ್ಟೆಂಟ್ ಆಗಿ ನಿಲ್ಲಿ. ನಡುವೆ ಬಿಟ್ಟು ಬರಬೇಡಿ. ಯಾಕೆ ಅನ್ನುವುದನ್ನು ಆ ಮನೆಯ ಕಿಟಕಿಯ ಮೂಲಕವೇ ಹೇಳುತ್ತೇನೆ.

ಹಾಡು: ಒಂದು ರಾತ್ರಿ

ಬ್ಯಾಂಡ್‌ನವರ ಹತ್ತಿರ ದುಡ್ಡು ಕಡಿಮೆ ಇತ್ತು. ಐದು ಜನ ಕೈಯಿಂದ ಹಾಕಿದ ದುಡ್ಡು. ಅದರಲ್ಲಿ ಮನೆ ಬಾಡಿಗೆ, ಊಟ, ಸಣ್ಣ ಲೈಟ್ ಯೂನಿಟ್ ಆಯಿತು. ಕ್ಯಾಮೆರಾಕ್ಕೆ ಸೋನಿ ಎಫ್‌ಎಕ್ಸ್ 3 ತಂದೆವು. ಅದರ ಎರಡನೇ ಬೇಸ್ ಐಎಸ್ಒ (ಬೆಳಕು ಹಿಡಿಯುವ ಶಕ್ತಿಯ ಅಳತೆ) 12,800. ಅಂದರೆ ಬೀದಿ ದೀಪದ ಬೆಳಕೂ ಸಾಕಾಗುತ್ತದೆ. ಕಿಟಕಿಯ ಹೊರಗೆ ಒಂದೇ ಒಂದು ಲೈಟ್ ಇಟ್ಟು, ಕಿತ್ತಳೆ ಜೆಲ್ (ಬಣ್ಣದ ಹಾಳೆ) ಹಾಕಿ, ಒಳಗೆ ಸ್ವಲ್ಪ ಹೊಗೆ ಬಿಟ್ಟೆವು. ಕಂಬದ ನೆರಳು ನೆಲದ ಮೇಲೆ ಉದ್ದಕ್ಕೆ ಮಲಗಿತು. ನಿರ್ದೇಶಕ ನನ್ನ ವಯಸ್ಸಿನವನೇ. 'ಹೀಗೆ ಮಾಡಿ ನೋಡೋಣ' ಅಂದ. ಮಾಡಿದೆವು. ಯಾರೂ ಬೇಡ ಅನ್ನಲಿಲ್ಲ.

ಹಾಡಿನ ದೊಡ್ಡ ವರ ಇದೇ. ಬೇಡ ಅನ್ನುವವರು ಯಾರೂ ಇರುವುದಿಲ್ಲ. ಮುಖ ಪೂರ್ತಿ ಕತ್ತಲಲ್ಲಿಟ್ಟು ಕಣ್ಣು ಮಾತ್ರ ಕಾಣಿಸಬಹುದು. ಸಿನಿಮಾದಲ್ಲಿ ಹೀರೊ ಮುಖಕ್ಕೆ ಹಾಗೆ ಮಾಡಿದರೆ ಮಾನಿಟರ್ ಹತ್ತಿರ ನಾಲ್ಕು ಜನ ಬಂದು ನಿಲ್ಲುತ್ತಾರೆ.

ಒಂದು ವಿಷಯ ಹತ್ತಿರದಿಂದ ಹೇಳಬೇಕು. ಹಾಡುವವನು ಸ್ಲೋಮೋಷನ್‌ನಲ್ಲಿ ನಡೆದು ಬರಬೇಕು, ಆದರೆ ತುಟಿ ಹಾಡಿಗೆ ಸರಿಯಾಗಿ ಕೂಡಬೇಕು. ಇದಕ್ಕೆ ಸೆಕೆಂಡಿಗೆ 48 ಫ್ರೇಮ್‌ನಲ್ಲಿ ಶೂಟ್ ಮಾಡಿ, ಸ್ಪೀಕರ್‌ನಲ್ಲಿ ಹಾಡನ್ನು ದುಪ್ಪಟ್ಟು ವೇಗದಲ್ಲಿ ಬಿಡುತ್ತೇವೆ. ಅವನೂ ಅದೇ ವೇಗದಲ್ಲಿ ಹಾಡುತ್ತಾನೆ. ಆಮೇಲೆ 24 ಫ್ರೇಮ್‌ನಲ್ಲಿ ಓಡಿಸಿದಾಗ ದೇಹ ತೇಲುತ್ತದೆ, ತುಟಿ ಮಾತ್ರ ಹಾಡಿನ ಜೊತೆ ಇರುತ್ತದೆ. ಕೇಳುವುದಕ್ಕೆ ಸುಲಭ. ಆದರೆ ಕನ್ನಡದಲ್ಲಿ ಪ, ಬ, ಮ ಬಂದಾಗಲೆಲ್ಲ ತುಟಿ ಮುಚ್ಚಲೇಬೇಕು. ದುಪ್ಪಟ್ಟು ವೇಗದಲ್ಲಿ ಹಾಡುವಾಗ ತುಟಿ ಪೂರ್ತಿ ಮುಚ್ಚುವುದಿಲ್ಲ. ನೋಡುವವರಿಗೆ ಏನು ತಪ್ಪು ಅಂತ ಹೇಳಲು ಬರದಿದ್ದರೂ ಏನೋ ಸುಳ್ಳು ಅಂತ ಗೊತ್ತಾಗಿಬಿಡುತ್ತದೆ. ಆ ರಾತ್ರಿ ನಾವು ಪಲ್ಲವಿಯ ಮೊದಲ ಸಾಲನ್ನೇ ಒಂದೂವರೆ ಗಂಟೆ ಅಭ್ಯಾಸ ಮಾಡಿದೆವು. ಹಾಡುವವನು ಸಾಲಿನ ಪ, ಬ, ಮ ಅಕ್ಷರಗಳಿಗೆ ಪೆನ್ನಿನಲ್ಲಿ ಗುರುತು ಹಾಕಿಕೊಂಡ.

ಇನ್ನೊಂದು ತಪ್ಪು ನನ್ನದೇ. ಇದಕ್ಕೂ ಮುಂಚೆ ಮಾಡಿದ ಒಂದು ಹಾಡಿನಲ್ಲಿ ಹಿಂದೆ ಹಬ್ಬದ ಎಲ್‌ಇಡಿ ಸರ ಬಿಟ್ಟಿದ್ದೆ. ಕಣ್ಣಿಗೆ ಚೆನ್ನಾಗಿತ್ತು. ನಮ್ಮ ಕರೆಂಟು 50 ಹರ್ಟ್ಜ್. ಟ್ಯೂಬ್‌ಲೈಟ್ ಆದರೆ 24 ಫ್ರೇಮ್‌ನಲ್ಲಿ ಶಟರ್ (ಪ್ರತಿ ಫ್ರೇಮ್‌ಗೆ ಬೆಳಕು ಬೀಳುವ ಸಮಯ) 172.8 ಡಿಗ್ರಿಗೆ ಇಟ್ಟುಬಿಟ್ಟರೆ ಮಿಟುಕುವುದಿಲ್ಲ, ಸೆಕೆಂಡಿನ 50ನೇ ಒಂದು ಭಾಗಕ್ಕೆ ಸರಿಹೋಗುತ್ತದೆ. ಅಗ್ಗದ ಎಲ್‌ಇಡಿ ಸರ ಹಾಗಲ್ಲ. ಸ್ಲೋಮೋಷನ್‌ನಲ್ಲಿ ಅದು ಉಸಿರಾಡಿದ ಹಾಗೆ ಆರಿ ಹತ್ತುತ್ತಿತ್ತು. ಆಮೇಲೆ ಗ್ರೇಡಿಂಗ್‌ನಲ್ಲಿ, ಅಂದರೆ ಬಣ್ಣ ತಿದ್ದುವಾಗಲೂ, ಸರಿ ಮಾಡಲು ಆಗಲಿಲ್ಲ. ಅವತ್ತಿನಿಂದ ಯಾವ ಬಲ್ಬ್ ಆದರೂ ಶೂಟಿಂಗ್ ವೇಗದಲ್ಲೇ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ನೋಡದೆ ಫ್ರೇಮ್ ಒಳಗೆ ಬಿಡುವುದಿಲ್ಲ. ಹಾಡಿನಲ್ಲಿ ಕಲಿತಿದ್ದಕ್ಕೆ ಒಂದು ಹಾಡು ಹೋಯಿತು. ಸಿನಿಮಾದಲ್ಲಿ ಕಲಿತಿದ್ದರೆ ಒಂದು ಇಡೀ ದಿನದ ಶೂಟಿಂಗ್ ಹೋಗುತ್ತಿತ್ತು.

ಬೆಂಗಳೂರಿನಲ್ಲಿ ಹಾಡಿನ ಕೆಲಸಕ್ಕೆ ಬರವಿಲ್ಲ. ರ‍್ಯಾಪರ್‌ಗಳಾದ ಆಲ್ ಓಕೆ, ಚಂದನ್ ಶೆಟ್ಟಿ ಅಂಥವರು ಸಿನಿಮಾದ ಹೊರಗೂ ಕನ್ನಡ ರ‍್ಯಾಪ್‌ಗೆ ಕೇಳುವವರನ್ನು ಸಂಪಾದಿಸಿಕೊಂಡ ಮೇಲೆ ಹೊಸ ಹುಡುಗರು ಧೈರ್ಯವಾಗಿ ವಿಡಿಯೊಗೆ ದುಡ್ಡು ಹಾಕುತ್ತಿದ್ದಾರೆ. ಉತ್ತರ ಕರ್ನಾಟಕದ ಜಾನಪದ ಆಲ್ಬಮ್‌ಗಳದ್ದು ಬೇರೆಯೇ ಒಂದು ಲೋಕ. ಭಕ್ತಿಗೀತೆಗಳೂ ಇವೆ.

ಆದರೆ ಇಲ್ಲಿ ಒಂದು ಗುಂಡಿ ಇದೆ, ಅದರಲ್ಲಿ ಬಿದ್ದವರನ್ನು ನೋಡಿದ್ದೇನೆ. ಹಾಡಿನಲ್ಲಿ ಶಾಟ್ ಎರಡು ಸೆಕೆಂಡಿಗೆ ಕಟ್ ಆಗುತ್ತದೆ. ತಾಳವೇ ಎಲ್ಲ ತಪ್ಪನ್ನೂ ಮುಚ್ಚುತ್ತದೆ. ಇಪ್ಪತ್ತು ಹಾಡು ಮಾಡಿದವನ ಕೈಗೆ ಇಬ್ಬರು ಕೂತು ಮಾತಾಡುವ ಐದು ನಿಮಿಷದ ದೃಶ್ಯ ಕೊಟ್ಟರೆ ಕಂಗಾಲಾಗುತ್ತಾನೆ. ಯಾರ ನೋಟ ಯಾವ ಕಡೆ ಇರಬೇಕು, ಇಬ್ಬರ ನಡುವಿನ ಕಾಲ್ಪನಿಕ ಗೆರೆಯನ್ನು ಕ್ಯಾಮೆರಾ ದಾಟಬಾರದು, ಮೂರನೇ ಟೇಕ್‌ನ ಬೆಳಕು ಮೊದಲನೇ ಟೇಕ್‌ಗೆ ಕೂಡಬೇಕು, ಇವು ಯಾವುದೂ ಅಭ್ಯಾಸ ಇರುವುದಿಲ್ಲ. ಹಾಡಿಗೆ ಎರಡು ವರ್ಷ ಕೊಡಿ. ಮೂರನೇ ವರ್ಷವೂ ಬರೀ ಹಾಡನ್ನೇ ಮಾಡುತ್ತಿದ್ದರೆ ನಿಂತು ಯೋಚಿಸಿ.

ಜಾಹೀರಾತು: ಎರಡು ದಿನ, 750 ಫ್ರೇಮ್

ಟಿವಿಗೆ ಮಾಡುವ 30 ಸೆಕೆಂಡಿನ ಜಾಹೀರಾತು ಅಂದರೆ 25 ಫ್ರೇಮ್ ಲೆಕ್ಕದಲ್ಲಿ 750 ಫ್ರೇಮ್. ಅಷ್ಟಕ್ಕೆ ನಮಗೆ ಎರಡು ದಿನ ಕೊಟ್ಟರು. ಅದಕ್ಕೂ ಮುಂಚೆ ಮೂರು ಮೀಟಿಂಗ್. ಸ್ಟೋರಿಬೋರ್ಡ್‌ನಲ್ಲಿ ಅಜ್ಜಿಯ ಸೀರೆಯ ಅಂಚು ಯಾವ ಬಣ್ಣ ಅನ್ನುವವರೆಗೆ ತೀರ್ಮಾನ ಆಗಿತ್ತು.

ಎರಡನೇ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಾವು ಮಾಡಿದ್ದು ಒಂದೇ ಶಾಟ್. ಸ್ಟೀಲ್ ದಬರಿ, ಸ್ಟೀಲ್ ಲೋಟ, ಮೇಲಿಂದ ಸುರಿಯುವ ಕಾಫಿ. ನಮ್ಮ ಮನೆಗಳಲ್ಲಿ ದಿನಾ ನೋಡುವ ಲೋಟ ಕ್ಯಾಮೆರಾ ಮುಂದೆ ಬಂದರೆ ಕನ್ನಡಿ ಆಗುತ್ತದೆ. ಅದರ ಹೊಟ್ಟೆಯಲ್ಲಿ ಕ್ಯಾಮೆರಾ, ನಾನು, ಲೈಟ್ ಸ್ಟ್ಯಾಂಡ್, ಹಿಂದೆ ಫೋನ್ ಹಿಡಿದು ನಿಂತ ಏಜೆನ್ಸಿಯವರು, ಎಲ್ಲರೂ ಕಾಣುತ್ತಾರೆ. ಲೋಟ ಗುಂಡಗಿರುವುದರಿಂದ ಕ್ಯಾಮೆರಾ ಎಲ್ಲಿಟ್ಟರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಕಡೆಗೆ ಲೋಟದ ಸುತ್ತ ಬಿಳಿ ಬಟ್ಟೆಯ ಡೇರೆ ಕಟ್ಟಿದೆವು. ಬಟ್ಟೆಯ ಹೊರಗಿಂದ ಬೆಳಕು. ಲೆನ್ಸ್‌ಗೆ ಮಾತ್ರ ಒಂದು ತೂತು. ಬರೀ ಬಿಳಿ ಇದ್ದರೆ ಲೋಟ ಸಪ್ಪೆ ಆಗುತ್ತದೆ, ಅಂಚೇ ಕಾಣುವುದಿಲ್ಲ. ಅದಕ್ಕೆ ಎರಡೂ ಪಕ್ಕಕ್ಕೆ ಎರಡು ಬೆರಳಗಲದ ಕಪ್ಪು ಪಟ್ಟಿ ನಿಲ್ಲಿಸಿದೆವು. ಆಗ ಲೋಟಕ್ಕೆ ಎರಡು ಕಪ್ಪು ಗೆರೆ ಬಂತು, ಸ್ಟೀಲು ಸ್ಟೀಲಿನ ಹಾಗೆ ಕಂಡಿತು. ಪಟ್ಟಿ ಅರ್ಧ ಇಂಚು ಸರಿದರೆ ಗೆರೆ ಕೆಡುತ್ತಿತ್ತು.

ಆಮೇಲೆ ನೊರೆ. ಕಾಫಿ ನೊರೆ ಚೆನ್ನಾಗಿ ಕಾಣುವುದು ಕೆಲವೇ ಸೆಕೆಂಡು. ಲೈಟ್ ಬಿಸಿಗೆ ಇನ್ನೂ ಬೇಗ ಇಳಿಯುತ್ತದೆ. ಸುರಿಯುವ ಕೈ ಸರಿ ಬಂದಾಗ ನೊರೆ ಇರುತ್ತಿರಲಿಲ್ಲ, ನೊರೆ ಬಂದಾಗ ಒಂದು ಹನಿ ಹೊರಗೆ ಚೆಲ್ಲುತ್ತಿತ್ತು. ಸೆಕೆಂಡಿಗೆ 1000 ಫ್ರೇಮ್‌ನ ಫ್ಯಾಂಟಮ್ ಕ್ಯಾಮೆರಾ ತಂದಿದ್ದರು. 25 ಫ್ರೇಮ್‌ಗೆ ಬೇಕಾದ ಬೆಳಕಿನ 40 ಪಟ್ಟು ಬೆಳಕು ಅದಕ್ಕೆ ಬೇಕು. ಆ ಚಿಕ್ಕ ಡೇರೆಯ ಮೇಲೆ ಅಷ್ಟು ಬೆಳಕು ಸುರಿದು, ಮೂವತ್ತಕ್ಕೂ ಜಾಸ್ತಿ ಟೇಕ್ ಆದ ಮೇಲೆ ಒಂದು ಸರಿ ಬಂತು. ತೆರೆಯ ಮೇಲೆ ಅದು ಮೂರು ಸೆಕೆಂಡ್.

ಈ ಅಳತೆಯ ಬುದ್ಧಿ ಜಾಹೀರಾತು ಬಿಟ್ಟು ಬೇರೆಲ್ಲೂ ಇಷ್ಟು ಬೇಗ ಬರುವುದಿಲ್ಲ. ಹಾಡಿನಲ್ಲಿ 'ಚೆನ್ನಾಗಿದೆ ಬಿಡು' ಅನ್ನುತ್ತೇವೆ. ಇಲ್ಲಿ ಚೆನ್ನಾಗಿರುವುದು ಸಾಕಾಗುವುದಿಲ್ಲ. ಮೊನ್ನೆ ಮೀಟಿಂಗ್‌ನಲ್ಲಿ ಒಪ್ಪಿಕೊಂಡಿದ್ದು ಹಾಗೇ ಬರಬೇಕು. ಒಳ್ಳೆಯ ಗ್ಯಾಫರ್ (ಲೈಟಿಂಗ್ ತಂಡದ ಮುಖ್ಯಸ್ಥ), ಒಳ್ಳೆಯ ಫೋಕಸ್ ಪುಲ್ಲರ್ (ಶಾಟ್ ನಡೆಯುವಾಗ ಫೋಕಸ್ ಹಿಡಿಯುವವರು), ಹೊಸ ಲೆನ್ಸ್ ಎಲ್ಲ ಮೊದಲು ಕೈಗೆ ಸಿಗುವುದೂ ಇಲ್ಲೇ. ಈಗ ಅದೇ ಶಾಟ್ ಟಿವಿಗೆ ಅಡ್ಡ, ಫೋನ್‌ಗೆ ಉದ್ದ, ಎರಡಕ್ಕೂ ಕೂರಬೇಕು. ಒಂದೇ ಫ್ರೇಮ್‌ನಲ್ಲಿ ಎರಡು ಫ್ರೇಮ್ ನೋಡುವ ಕಣ್ಣು ಬೇಕು.

ಕೊರತೆ ಏನು? ಹೆಸರು ಬರುವುದಿಲ್ಲ. ಜಾಹೀರಾತಿಗೆ ಟೈಟಲ್ ಕಾರ್ಡ್ ಇಲ್ಲ. ಊರಲ್ಲಿ ಅಮ್ಮ ಟಿವಿ ನೋಡುವಾಗ ಫೋನ್ ಮಾಡಿ 'ಇದು ನಂದೇ' ಅಂತ ನಾನೇ ಹೇಳಬೇಕು. ದೊಡ್ಡ ಬಜೆಟ್‌ನ ಬ್ರ್ಯಾಂಡ್ ಬೆಂಗಳೂರಿನದ್ದೇ ಆದರೂ ಪ್ರೊಡಕ್ಷನ್ ಎಷ್ಟೋ ಸಲ ಮುಂಬೈಗೆ ಹೋಗುತ್ತದೆ, ಅಲ್ಲಿಂದಲೇ ಕ್ಯಾಮೆರಾಮನ್ ಬರುತ್ತಾರೆ. ನಮಗೆ ಸಿಗುವುದು ಆ್ಯಪ್, ಸ್ಟಾರ್ಟಪ್, ಒಡವೆ ಅಂಗಡಿ, ರಿಯಲ್ ಎಸ್ಟೇಟ್. ಇನ್ನೊಂದು ಮಾತು ಮನಸ್ಸಿಗೆ ನೋವಾಗಿಯೇ ಹೇಳುತ್ತೇನೆ. ಇಲ್ಲಿ ಬಹುಪಾಲು ಜಾಹೀರಾತುಗಳು ಇಂಗ್ಲಿಷ್‌ನಲ್ಲಿ ಯೋಚನೆಯಾಗಿ, ಹಿಂದಿಯಲ್ಲಿ ಶೂಟ್ ಆಗಿ, ಕನ್ನಡಕ್ಕೆ ಡಬ್ ಆಗುತ್ತವೆ. ಬಸವನಗುಡಿಯ ಮನೆಯಲ್ಲಿ ಕೂತ ಅಜ್ಜಿಯ ತುಟಿ ಒಂದು ಹೇಳುತ್ತದೆ, ಕಿವಿಗೆ ಇನ್ನೊಂದು ಕೇಳುತ್ತದೆ. ಕನ್ನಡದಲ್ಲೂ ಒಂದು ಟೇಕ್ ತೆಗೆಯೋಣ ಅಂತ ನಾನು ಪ್ರತಿ ಸಲ ಕೇಳುತ್ತೇನೆ. ಕೆಲವೊಮ್ಮೆ ಒಪ್ಪುತ್ತಾರೆ. ನೀವೂ ಕೇಳಿ.

ಸಿನಿಮಾ: ಆರು ದಿನ ಜುಲೈ, ಐದು ದಿನ ಡಿಸೆಂಬರ್

ಸಿನಿಮಾದಲ್ಲಿ ಆ ಹಾಲ್ ಒಂದು ತಾಯಿ ಮಗನ ಮನೆ. ಒಂದು ಬೆಳಗಿನ ದೃಶ್ಯ, ಸುಮಾರು ಏಳು ನಿಮಿಷದ್ದು. ಮಗ ಮನೆ ಬಿಟ್ಟು ಹೋಗುವ ಮಾತು ತೆಗೆಯುತ್ತಾನೆ, ತಾಯಿ ಹೂ ಕಟ್ಟುತ್ತಾ ಕೂತಿರುತ್ತಾರೆ. ಅರ್ಧ ದೃಶ್ಯ ಜುಲೈನಲ್ಲಿ ಆಯಿತು. ಆಮೇಲೆ ನಿರ್ಮಾಪಕರ ದುಡ್ಡು ನಿಂತಿತು. ಉಳಿದರ್ಧಕ್ಕೆ ನಾವು ವಾಪಸ್ ಬಂದಿದ್ದು ಡಿಸೆಂಬರ್‌ನಲ್ಲಿ.

ಇಲ್ಲಿ ನಿಂತು ಯೋಚಿಸಿ. ಜುಲೈನಲ್ಲಿ ಸೂರ್ಯ ಈಶಾನ್ಯಕ್ಕೆ ಸರಿದು ಹುಟ್ಟುತ್ತಾನೆ. ಡಿಸೆಂಬರ್‌ನಲ್ಲಿ ಆಗ್ನೇಯಕ್ಕೆ. ಅದೇ ಪೂರ್ವದ ಕಿಟಕಿ, ಆದರೆ ಬಿಸಿಲಿನ ಪಟ್ಟಿ ಜುಲೈನಲ್ಲಿ ಕಂಬದ ಬಲಕ್ಕೆ ಬಿದ್ದಿತ್ತು, ಡಿಸೆಂಬರ್‌ನಲ್ಲಿ ಎಡಕ್ಕೆ ಬೀಳುತ್ತಿತ್ತು. ಅದೂ ಅಲ್ಲದೆ ಜುಲೈನ ಬೆಂಗಳೂರಿನಲ್ಲಿ ಎರಡು ನಿಮಿಷ ಬಿಸಿಲು, ಮೂರು ನಿಮಿಷ ಮೋಡ. ಡಿಸೆಂಬರ್‌ನಲ್ಲಿ ಆಕಾಶ ಒರೆಸಿಟ್ಟ ಹಾಗೆ. ತೆರೆಯ ಮೇಲೆ ಮಗನ ಮಾತು ಜುಲೈ, ತಾಯಿಯ ಉತ್ತರ ಡಿಸೆಂಬರ್. ನಡುವೆ ಒಂದು ಕಟ್.

ನಮ್ಮನ್ನು ಕಾಪಾಡಿದ್ದು ಒಂದು ನೋಟ್‌ಬುಕ್. ಪ್ರತಿ ಶಾಟ್‌ಗೆ ಲೆನ್ಸ್ ಯಾವುದು, ನೆಲದಿಂದ ಎಷ್ಟು ಎತ್ತರ, ಸ್ಟಾಪ್ (ಲೆನ್ಸ್ ಎಷ್ಟು ತೆರೆದಿದೆ ಅನ್ನುವ ಅಳತೆ) ಎಷ್ಟು, ಯಾವ ಫಿಲ್ಟರ್, ಲೈಟ್ ಕಿಟಕಿಯಿಂದ ಎಷ್ಟು ಅಡಿ, ಯಾವ ಕೋನ, ಎಲ್ಲ ಬರೆದಿಟ್ಟಿದ್ದೆವು. ಬರೆದಿದ್ದು ನನ್ನ ಅಸಿಸ್ಟೆಂಟ್, ಇಪ್ಪತ್ತೆರಡು ವರ್ಷದ ಹುಡುಗಿ. ಡಿಸೆಂಬರ್‌ನಲ್ಲಿ ಬಿದಿರಿನ ಚೌಕಟ್ಟಿಗೆ ಕಪ್ಪು ಬಟ್ಟೆ ಕಟ್ಟಿ ನಿಜವಾದ ಸೂರ್ಯನನ್ನು ಪೂರ್ತಿ ತಡೆದೆವು. ಈಶಾನ್ಯದ ಕಡೆ ಪಕ್ಕದ ಮನೆಯ ಕಾಂಪೌಂಡ್‌ನಲ್ಲಿ ಅವರ ಒಪ್ಪಿಗೆ ಕೇಳಿ 4ಕೆ ಎಚ್‌ಎಂಐ (4,000 ವಾಟ್‌ನ, ಹಗಲಿನಂಥ ಬೆಳಕು ಕೊಡುವ ದೊಡ್ಡ ಲೈಟ್) ಎತ್ತರಕ್ಕೆ ನಿಲ್ಲಿಸಿ, ಮುಂದೆ ಮಸ್ಲಿನ್ ಬಟ್ಟೆ ಹಿಡಿದೆವು. ಮೋಡ ಬಂದು ಹೋಗುವ ಹಾಗೆ ಕಾಣಲು ಒಬ್ಬ ಲೈಟ್ ಬಾಯ್ ಅಣ್ಣ ಲೈಟ್ ಮುಂದೆ ಒಂದು ಜಾಲರಿಯನ್ನು ನಿಧಾನಕ್ಕೆ ಎಳೆದು ಬಿಡುತ್ತಿದ್ದರು. ಅವರಿಗೆ ಮಾತು ಕೇಳಿಸುತ್ತಿರಲಿಲ್ಲ, ಕಿಟಕಿಯಿಂದ ತಾಯಿಯ ಕೈ ಮಾತ್ರ ಕಾಣುತ್ತಿತ್ತು. ಹೂ ಕಟ್ಟುವ ಕೈ ನಿಂತಾಗ ಅವರು ಜಾಲರಿ ಮುಚ್ಚಿದರು. ಯಾರೂ ಹೇಳಿಕೊಟ್ಟಿರಲಿಲ್ಲ. ಆ ಟೇಕ್ ಇಟ್ಟುಕೊಂಡೆವು.

ಇದಕ್ಕೇ ನಾನು ಮೊದಲು ಸಿನಿಮಾದಲ್ಲಿ ಅಸಿಸ್ಟೆಂಟ್ ಆಗಿ ಅನ್ನುವುದು. ಒಂದು ಬೆಳಕನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುವುದು ಹಾಡಿನಲ್ಲಿ ಬೇಕಾಗುವುದೇ ಇಲ್ಲ. ಜಾಹೀರಾತಿನಲ್ಲಿ ಎರಡು ದಿನಕ್ಕೆ ಮಾತ್ರ ಬೇಕು. ಅಭ್ಯಾಸ ಮೊದಲೇ ಇದ್ದರೆ ಉಳಿದ ಎರಡರಲ್ಲೂ ನಿಮ್ಮ ಕೈ ಗಟ್ಟಿ ಇರುತ್ತದೆ. ಡಿಐ ಕೋಣೆಯಲ್ಲಿ ಕೂರದೆ ಇದು ಪೂರ್ತಿ ತಿಳಿಯುವುದಿಲ್ಲ. ಸೆಟ್‌ನಲ್ಲಿ ಹತ್ತು ನಿಮಿಷ ಉಳಿಸಲು ಬಿಟ್ಟಿದ್ದು ಅಲ್ಲಿ ಹತ್ತು ಗಂಟೆ ಕೇಳುತ್ತದೆ.

ಈ ದಾರಿ ನಮ್ಮೂರಿಗೆ ಹೊಸದೇನೂ ಅಲ್ಲ. ಮೈಸೂರಿನ ವಿ.ಕೆ. ಮೂರ್ತಿ ಬೆಂಗಳೂರಿನ ಎಸ್‌ಜೆಪಿ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತು ಬಾಂಬೆಗೆ ಹೋದವರು. 1959ರಲ್ಲಿ ಗುರುದತ್ ಅವರ ಸಿನಿಮಾಸ್ಕೋಪ್ ಚಿತ್ರದ ಒಂದು ಹಾಡಿಗೆ, ಸ್ಟುಡಿಯೊ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಗೆ ತಿರುಗಿಸಿ ಒಂದು ಬೆಳಕಿನ ಕಂಬವನ್ನೇ ನಿಲ್ಲಿಸಿದರು. ಹಾಡಿನ ಧೈರ್ಯ ಸಿನಿಮಾದ ಒಳಗೇ ಇತ್ತು ನೋಡಿ. 2008ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಅದೇ ಪಾಲಿಟೆಕ್ನಿಕ್‌ನಲ್ಲಿ ಓದಿದ ಗೋವಿಂದ ನಿಹಲಾನಿ ಮೊದಲು ಮೂರ್ತಿಯವರಿಗೆ ಅಸಿಸ್ಟೆಂಟ್ ಆಗಿದ್ದರು. ಆಮೇಲೆ ಶ್ಯಾಮ್ ಬೆನೆಗಲ್ ಜೊತೆ ಜಾಹೀರಾತುಗಳಿಗೆ ಕ್ಯಾಮೆರಾ ಹಿಡಿದರು. ಆಮೇಲೆ ಸಿನಿಮಾ. ಗಿರೀಶ ಕಾರ್ನಾಡರ 1973ರ 'ಕಾಡು' ಚಿತ್ರದ ಕ್ಯಾಮೆರಾ ಅವರದೇ. ಅಸಿಸ್ಟೆಂಟ್, ಜಾಹೀರಾತು, ಸಿನಿಮಾ. ನಾನು ಹೇಳುವ ಕ್ರಮವೂ ಹೆಚ್ಚುಕಡಿಮೆ ಅದೇ. ಈಗ ಓದುವವರಿಗೆ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಇದೆ. ಓದಿದರೆ ಒಳ್ಳೆಯದು, ಓದದಿದ್ದರೂ ಬಾಗಿಲು ಮುಚ್ಚಿಲ್ಲ.

ಗಾಂಧಿನಗರದಲ್ಲಿ ಹೆಸರು ನಿಲ್ಲುವುದು ಸಿನಿಮಾದಿಂದ ಮಾತ್ರ. 2006ರ 'ಮುಂಗಾರು ಮಳೆ'ಗೆ ಕ್ಯಾಮೆರಾ ಹಿಡಿದ ಎಸ್. ಕೃಷ್ಣ ಆಮೇಲೆ ತಾವೇ ನಿರ್ದೇಶಕರಾದರು. ಹಾಡು ಮಾತ್ರ ಮಾಡಿದವರಿಗೆ ಅಷ್ಟು ದೊಡ್ಡ ಬಾಗಿಲು ಬೇಗ ತೆರೆಯುವುದಿಲ್ಲ.

ದುಡ್ಡಿನ ಮಾತು

ಹಾಡಿನಲ್ಲಿ ದುಡ್ಡು ಕಡಿಮೆ, ಆದರೆ ಬಹುಪಾಲು ಅವತ್ತೇ ಕೈಗೆ ಬರುತ್ತದೆ. ಕೊಡುವವರು ಮುಂದೆಯೇ ಇರುತ್ತಾರೆ.

ಜಾಹೀರಾತಿನಲ್ಲಿ ದಿನದ ಲೆಕ್ಕ. ಮೂರರಲ್ಲಿ ದಿನಕ್ಕೆ ಜಾಸ್ತಿ ಸಿಗುವುದು ಇಲ್ಲೇ. ಆದರೆ ಬರುವುದು ತಡ, ಎರಡು ಮೂರು ತಿಂಗಳು ಮಾಮೂಲು. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಬಿಲ್‌ಗೆ ಶೇ 18 ಸೇರಿಸುತ್ತೀರಿ. ಆ ಶೇ 18ನ್ನು ಕ್ಲೈಂಟ್ ಕೊಡುವವರೆಗೆ ಸರ್ಕಾರ ಕಾಯುವುದಿಲ್ಲ. ತಿಂಗಳ ಲೆಕ್ಕದವರು ಮುಂದಿನ ತಿಂಗಳ 20ಕ್ಕೆ ಕಟ್ಟಲೇಬೇಕು. ಅಂದರೆ ಬಾರದ ದುಡ್ಡಿಗೆ ಕೈಯಿಂದ ತೆರಿಗೆ. ಎಷ್ಟೋ ಹುಡುಗರು ಇಲ್ಲಿ ಉಸಿರುಗಟ್ಟುತ್ತಾರೆ. ಒಂದು ಕೆಲಸ ಇವತ್ತೇ ಮಾಡಿ: ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಸಿ, ಆ ನಂಬರ್ ಬಿಲ್ ಮೇಲೆ ಹಾಕಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮದವರ ಬಿಲ್ಲನ್ನು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ಸುಮ್ನೆ ಫೋನ್ ಮಾಡಿ ಬೇಡಿಕೊಳ್ಳುವುದಕ್ಕಿಂತ ಆ ಒಂದು ಸಾಲು ಇರುವ ಮೇಲ್‌ಗೆ ತೂಕ ಜಾಸ್ತಿ.

ಸಿನಿಮಾದಲ್ಲಿ ಇಡೀ ಚಿತ್ರಕ್ಕೆ ಇಷ್ಟು ಅಂತ ಮಾತಾಗುತ್ತದೆ, ಕಂತಿನಲ್ಲಿ ಬರುತ್ತದೆ. ಮೊದಲ ಕಂತು ಮುಹೂರ್ತಕ್ಕೆ ಸಂಭ್ರಮದಿಂದ ಬರುತ್ತದೆ. ಶೂಟಿಂಗ್ ಮುಗಿದು ಕುಂಬಳಕಾಯಿ ಒಡೆದ ಮೇಲೆ ಫೋನ್ ಎತ್ತುವುದು ನಿಧಾನ ಆಗುತ್ತದೆ. ನನ್ನ ಒಂದು ಚಿತ್ರದ ಕೊನೆಯ ಕಂತು ಇವತ್ತಿಗೂ ಬಂದಿಲ್ಲ. ಆ ನಿರ್ಮಾಪಕರ ಮೇಲೆ ನನಗೆ ಕೋಪಕ್ಕಿಂತ ಬೇಸರ ಜಾಸ್ತಿ, ಚಿತ್ರವನ್ನು ಪ್ರೀತಿಯಿಂದಲೇ ಮಾಡಿದ್ದರು. ಆದರೆ ಅದರಿಂದ ಒಂದು ಕಟ್ಟುನಿಟ್ಟು ಕಲಿತೆ. ಡಿಐ ಶುರುವಾಗುವ ಮುಂಚೆ ಶೇ 90 ಬಂದಿರಬೇಕು, ಅದು ಒಪ್ಪಂದದಲ್ಲಿ ಬರೆದಿರಬೇಕು. ಡಿಐಗೆ ಕೂರುವ ದಿನಗಳೂ ಒಪ್ಪಂದದಲ್ಲಿ ಇರಬೇಕು, ಇಲ್ಲದಿದ್ದರೆ ಆ ತಿಂಗಳು ಬಿಟ್ಟಿ ಕೆಲಸ. ಎರಡು ಶೆಡ್ಯೂಲ್ ನಡುವೆ ಇಷ್ಟು ತಿಂಗಳಿಗಿಂತ ಜಾಸ್ತಿ ಅಂತರ ಆದರೆ ಬೇರೆ ಕೆಲಸ ಒಪ್ಪಿಕೊಳ್ಳುವ ಹಕ್ಕು ನನ್ನದು ಅನ್ನುವ ಒಂದು ಸಾಲೂ ಬೇಕು.

ಮೂರರಲ್ಲೂ ಒಂದು ವಿಷಯ ಸಮ. ನಾವು ಹಿಡಿದ ಚಿತ್ರದ ಮೇಲೆ ನಮಗೆ ಹಕ್ಕಿಲ್ಲ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಚಲನಚಿತ್ರದ ಕರ್ತೃ ನಿರ್ಮಾಪಕ. 2012ರ ತಿದ್ದುಪಡಿ ಹಾಡು ಬರೆದವರಿಗೆ, ಸಂಗೀತ ಮಾಡಿದವರಿಗೆ ರಾಯಲ್ಟಿ ದಾರಿ ಮಾಡಿಕೊಟ್ಟಿತು, ಕ್ಯಾಮೆರಾದವರಿಗೆ ಇಲ್ಲ. ಇದು ಅನ್ಯಾಯ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದ್ದರಿಂದ ಮುಂದೆ ಎಂದೋ ಬರುತ್ತದೆ ಅನ್ನುವ ಲೆಕ್ಕ ಬೇಡ. ಸಂಭಾವನೆ ಮಾತಾಡುವಾಗಲೇ ಪೂರ್ತಿ ಮಾತಾಡಿ.

ಹಾಗಾದರೆ ಯಾರಿಗೆ ಯಾವುದು?

ಈಗಷ್ಟೇ ಓದು ಮುಗಿಸಿದ್ದೀರಿ, ಮನೆಯ ಜವಾಬ್ದಾರಿ ಇನ್ನೂ ತಲೆ ಮೇಲೆ ಇಲ್ಲ ಅಂದರೆ ಸಿನಿಮಾದಲ್ಲಿ ಅಸಿಸ್ಟೆಂಟ್ ಆಗಿ ಒಂದು ವರ್ಷ ಕೊಡಿ. ಬಾಟಾ (ದಿನಭತ್ಯೆ) ಬಿಟ್ಟು ಜಾಸ್ತಿ ಏನೂ ಸಿಗುವುದಿಲ್ಲ. ಆ ಒಂದು ವರ್ಷವನ್ನು ಆಮೇಲೆ ದುಡ್ಡು ಕೊಟ್ಟರೂ ಕೊಂಡುಕೊಳ್ಳಲು ಆಗುವುದಿಲ್ಲ, ಅಸಿಸ್ಟೆಂಟ್‌ಗಿಂತ ಒಂದು ಮೆಟ್ಟಿಲು ಮೇಲೇರಿ ಅಸೋಸಿಯೇಟ್ ಆದವರು ಮತ್ತೆ ಕ್ಲಾಪ್ ಹಿಡಿಯಲು ಒಪ್ಪುವುದಿಲ್ಲ. ನಡುನಡುವೆ ಸ್ನೇಹಿತರ ಹಾಡು ಮಾಡಿ.

ಮನೆಗೆ ದುಡ್ಡು ಕಳಿಸಲೇಬೇಕು, ತಂಗಿಯ ಓದು ಇದೆ, ಇಎಂಐ ಇದೆ ಅನ್ನುವವರಿಗೆ ಜಾಹೀರಾತಿನ ಕ್ಯಾಮೆರಾ ಡಿಪಾರ್ಟ್‌ಮೆಂಟ್ ಒಳ್ಳೆಯದು. ಅದರಲ್ಲೂ ಫೋಕಸ್ ಪುಲ್ಲರ್ ಕೆಲಸ ಕಲಿತರೆ ಕೈ ಖಾಲಿ ಇರುವುದಿಲ್ಲ. ಐಟಿ ಕಂಪನಿಗಳ ಕಾರ್ಪೊರೇಟ್ ವಿಡಿಯೊಗಳೂ ಇವೆ. ಅದರ ಬಗ್ಗೆ ಯಾರೂ ಹೆಮ್ಮೆಯಿಂದ ಮಾತಾಡುವುದಿಲ್ಲ, ಆದರೆ ಈ ಊರಿನ ಎಷ್ಟೋ ಕ್ಯಾಮೆರಾಮನ್‌ಗಳ ಮನೆ ಬಾಡಿಗೆ ಕಟ್ಟುವುದು ಅವೇ.

ಮದುವೆ ಶೂಟ್ ಮಾಡಿ ಬಂದವರಿಗೆ ಹಾಡು ಹತ್ತಿರ. ಮತ್ತೆ ಮಾಡಿಸಲಾಗದ ಕ್ಷಣ ಹಿಡಿಯುವ ಚುರುಕು ಅವರಿಗೆ ಮೊದಲೇ ಇರುತ್ತದೆ. ಅವರಿಗೆ ಕೊರತೆ ಲೈಟಿಂಗ್. ಅದಕ್ಕೆ ಒಂದು ಒಳ್ಳೆಯ ಗ್ಯಾಫರ್ ಜೊತೆ ಆರು ತಿಂಗಳು ಇದ್ದರೆ ಸಾಕು.

ಹುಡುಗಿಯರು ಕೇಳುವ ಪ್ರಶ್ನೆ ಬೇರೆ ಇರುತ್ತದೆ. ಜಾಹೀರಾತಿನ ಸೆಟ್‌ನಲ್ಲಿ ಸಮಯ ಸ್ವಲ್ಪ ಖಚಿತ, ವಾಪಸ್ ಹೋಗುವ ಗಾಡಿ ಕೇಳಿದರೆ ಸಿಗುತ್ತದೆ. ಸಿನಿಮಾದಲ್ಲಿ ರಾತ್ರಿ ಶೂಟಿಂಗ್, ಹೊರ ಊರಿನ ಲಾಡ್ಜ್, ಇದೆಲ್ಲ ಮೊದಲೇ ಮಾತಾಡಿಕೊಳ್ಳಬೇಕು. ನಮ್ಮ ಬಿ.ಆರ್. ಪಂತುಲು ಅವರ ಮಗಳು ಬಿ.ಆರ್. ವಿಜಯಲಕ್ಷ್ಮಿ 1985ರಲ್ಲೇ ತಮಿಳು ಚಿತ್ರಕ್ಕೆ ಸ್ವತಂತ್ರವಾಗಿ ಕ್ಯಾಮೆರಾ ಹಿಡಿದರು. ಅಷ್ಟು ವರ್ಷದ ಮೇಲೂ ಕನ್ನಡದ ಸೆಟ್‌ನಲ್ಲಿ ಹುಡುಗಿ ಕ್ಯಾಮೆರಾ ಹತ್ತಿರ ಬಂದರೆ ಮೇಕಪ್ ಅಸಿಸ್ಟೆಂಟಾ ಅಂತ ಕೇಳುವವರಿದ್ದಾರೆ. ಅದು ಬದಲಾಗಬೇಕಾದ್ದು ನಮ್ಮಂಥ ಡಿಒಪಿಗಳಿಂದ, ಅಂದರೆ ಮುಖ್ಯ ಛಾಯಾಗ್ರಾಹಕರಿಂದ. ನಾನು ಹೇಳಿದ ಆ ನೋಟ್‌ಬುಕ್ ಹುಡುಗಿ ಈಗ ಸ್ವತಂತ್ರವಾಗಿ ಒಂದು ಚಿತ್ರ ಒಪ್ಪಿಕೊಂಡಿದ್ದಾಳೆ.

ಶೋರೀಲ್ (ಮಾಡಿದ ಕೆಲಸದ ತುಣುಕುಗಳನ್ನು ಜೋಡಿಸಿದ ವಿಡಿಯೊ) ಮಾತು ಹೇಳದೆ ಮುಗಿಸುವ ಹಾಗಿಲ್ಲ. ಮೂರಕ್ಕೂ ಒಂದೇ ರೀಲ್ ಕಳಿಸುವವರು ಜಾಸ್ತಿ, ಅದು ದೊಡ್ಡ ತಪ್ಪು. ಹಾಡಿನವರಿಗೆ ನಿಮ್ಮ ಅತಿ ಧೈರ್ಯದ ಶಾಟ್‌ಗಳನ್ನು ಕಳಿಸಿ. ಏಜೆನ್ಸಿಗೆ ಕಳಿಸುವುದು ಒಂದು ನಿಮಿಷದೊಳಗೆ ಮುಗಿಯಬೇಕು, ಅವರು ಮಾಡುತ್ತಿರುವ ಬಗೆಯ ವಸ್ತುವನ್ನೇ ನೀವು ಹಿಂದೆ ಮಾಡಿರಬೇಕು. ಕಾಫಿಯವರು ಕಾಫಿಯನ್ನೇ ನೋಡಲು ಬಯಸುತ್ತಾರೆ. ಸಿನಿಮಾ ನಿರ್ದೇಶಕರಿಗೆ ಮಾತ್ರ ರೀಲ್ ಬೇಡ. ಎರಡು ದೃಶ್ಯ ಪೂರ್ತಿ ಕಳಿಸಿ, ಸಂಗೀತ ತೆಗೆದು ಕಳಿಸಿ.

ಬಸವನಗುಡಿಯ ಮನೆಗೆ ನನ್ನನ್ನು ಮೂರನೇ ಸಲ ಕರೆದ ನಿರ್ದೇಶಕರು ನನ್ನ ಜಾಹೀರಾತು ಒಂದನ್ನೂ ನೋಡಿರಲಿಲ್ಲ. ಅವರು ನೋಡಿದ್ದು ಆ ಬ್ಯಾಂಡ್‌ನ ಹಾಡಿನ ಒಂದೇ ಶಾಟ್. ಹಾಡು ಮುಗಿದ ಮೇಲೂ ಹಾಡುವವನು ಕಂಬಕ್ಕೆ ಒರಗಿ ನಿಂತಿದ್ದ, ನಾನು ಕ್ಯಾಮೆರಾ ಆಫ್ ಮಾಡಿರಲಿಲ್ಲ, ಎಡಿಟರ್ ಅದನ್ನು ನಲವತ್ತು ಸೆಕೆಂಡ್ ಹಾಗೇ ಬಿಟ್ಟಿದ್ದರು. 'ಇದನ್ನು ಯಾಕೆ ಕಟ್ ಮಾಡಲಿಲ್ಲ?' ಅಂತ ನಿರ್ದೇಶಕರು ಕೇಳಿದರು. ಅವನು ಇನ್ನೂ ಉಸಿರು ಹಿಡಿದುಕೊಂಡಿದ್ದ, ಬಿಡುವವರೆಗೆ ಕಾದೆ ಅಂದೆ. ಮುಂದಿನ ವಾರ ಸ್ಕ್ರಿಪ್ಟ್ ಕಳಿಸಿದರು.